ಇ-ಪುಸ್ತಕಕ್ಕೆ ಯಾವ ಯಂತ್ರ? ಮೊದಲು ಕಣ್ಣನ್ನು ಕೇಳಿ

ಬಂಟ್ವಾಳ ತಾಲೂಕಿನ ಹಳ್ಳಿಯೊಂದರಿಂದ ನಿವೃತ್ತ ಅಧ್ಯಾಪಕರೊಬ್ಬರು ಕಳೆದ ಬೇಸಿಗೆಯಲ್ಲಿ ನನ್ನಲ್ಲಿಗೆ ಬಂದಿದ್ದರು. ಪ್ರಾಯ 71. ತಾಳಮದ್ದಳೆಯ ಅರ್ಥಧಾರಿ. ಬೆಂಗಳೂರಿನಲ್ಲಿರುವ ಮಗ ಇ-ಪುಸ್ತಕ ಓದಲೆಂದು ತಂದುಕೊಟ್ಟ 6 ಇಂಚಿನ ಯಂತ್ರವನ್ನು ಚೀಲದಿಂದ ತೆಗೆದು ನನ್ನ ಮೇಜಿನ ಮೇಲಿಟ್ಟರು. ‘ಇದರಲ್ಲಿ ಏನೋ ದೋಷ ಉಂಟು ಡಾಕ್ಟ್ರೇ. ಮೂರು ಪುಟ ಓದುವಷ್ಟರಲ್ಲಿ ಕಣ್ಣು ಉರಿ, ಹಣೆ ನೋವು. ಒತ್ತಕ್ಷರ ಯಾವುದು, ಧೂಳಿನ ಚುಕ್ಕೆ ಯಾವುದು ಎಂದು ಗೊತ್ತಾಗುವುದಿಲ್ಲ. ಇದಕ್ಕಿಂತ ಒಳ್ಳೆಯದು ಯಾವುದು, ನೀವೇ ಹೇಳಿ’ ಎಂದರು.

ಪರೀಕ್ಷಿಸಿ ನೋಡಿದೆ. ಬಲಗಣ್ಣಿನ ಪೊರೆ ಚೆನ್ನಾಗಿ ಬಲಿತಿತ್ತು, ಎಡಗಣ್ಣಿನಲ್ಲಿ ಆರಂಭವಾಗಿತ್ತು. ಕನ್ನಡಕ ಎಂಟು ವರ್ಷ ಹಿಂದಿನದು. ಎರಡು ವರ್ಷಗಳಿಂದ ಅವರು ಓದುವುದನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಬಂದಿದ್ದರಂತೆ. ಪ್ರಸಂಗ ಓದಿ ತಯಾರಾಗಲು ಆಗದ ಕಾರಣ ಕೂಟಗಳಿಗೆ ಕರೆದರೂ ‘ಪುರುಸೊತ್ತಿಲ್ಲ’ ಎನ್ನುತ್ತಿದ್ದರು. ಪ್ರಾಯವಾಯಿತು, ಆಸಕ್ತಿ ಕಡಿಮೆಯಾಯಿತು ಎಂದು ಮನೆಯವರು ತಿಳಿದುಕೊಂಡಿದ್ದರು.

ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇದ್ದು ತಂದೆ-ತಾಯಿ ಊರಿನಲ್ಲಿರುವ ಮನೆಗಳು ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಬಹಳ. ರಜೆಗೆ ಬಂದವರು ಇಂಥ ಯಂತ್ರವೊಂದನ್ನು ಉಡುಗೊರೆಯಾಗಿ ತರುತ್ತಾರೆ, ಇಲ್ಲವೇ ಯಾವುದನ್ನು ತರಲಿ ಎಂದು ಫೋನಿನಲ್ಲಿ ಕೇಳುತ್ತಾರೆ. ಅಂಥವರಿಗೆ ನಾನು ಮೊದಲು ಒಂದು ಸಣ್ಣ ಪರೀಕ್ಷೆಯನ್ನು ಹೇಳಿಕೊಡುತ್ತೇನೆ. ನೀವೂ ಇಂದೇ ಮಾಡಿ ನೋಡಬಹುದು. ಹಗಲು ಬೆಳಕಿನಲ್ಲಿ ಕುಳಿತು, ಓದುವ ಕನ್ನಡಕ ಹಾಕಿಕೊಂಡು, ಈ ಪತ್ರಿಕೆಯನ್ನು 40 ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ಎಡಗಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ ನಾಲ್ಕು ಸಾಲು ಓದಿ. ಬಳಿಕ ಬಲಗಣ್ಣನ್ನು ಮುಚ್ಚಿ ಅದೇ ಸಾಲುಗಳನ್ನು ಓದಿ. ಎರಡೂ ಕಣ್ಣು ತೆರೆದಿರುವಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮುಚ್ಚಿಬಿಡುತ್ತದೆ. ಒಂದು ಕಣ್ಣು ಮಂಜಾಗಿದೆ ಎಂಬುದು ಎಷ್ಟೋ ಜನರಿಗೆ ಹೀಗೆ ಮುಚ್ಚಿ ನೋಡಿದ ಮೇಲೆಯೇ ತಿಳಿಯುವುದು.

ಒಂದು ಕಣ್ಣಿಗೆ ಅಕ್ಷರ ಮಸುಕಾಗಿ ಕಂಡರೆ, ನೇರ ಸಾಲು ಡೊಂಕಾಗಿ ಕಂಡರೆ, ಸಾಲಿನ ನಡುವೆ ಅಕ್ಷರಗಳು ಮಾಯವಾದರೆ, ಯಂತ್ರ ಕೊಳ್ಳುವ ವಿಚಾರವನ್ನು ಬದಿಗಿಟ್ಟು ಕಣ್ಣಿನ ವೈದ್ಯರನ್ನು ಕಾಣಬೇಕು. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಮಿಂಚು ಹೊಡೆದಂತಾಗುವುದು, ಕಪ್ಪು ಪರದೆ ಇಳಿದಂತಾಗುವುದು ಇದ್ದರೆ ಅದೇ ದಿನ ಹೋಗಬೇಕು. ಸಕ್ಕರೆ ಕಾಯಿಲೆ ಇರುವವರು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಕಣ್ಣಿನ ಒತ್ತಡದ ಕಾಯಿಲೆಯಾದ ಗ್ಲಾಕೋಮಾ ಹೆಚ್ಚಿನವರಲ್ಲಿ ನೋವಿಲ್ಲದೆಯೇ ಬೆಳೆಯುತ್ತದೆ. ಅದು ಮೇಲೆ ಹೇಳಿದ ಮನೆ ಪರೀಕ್ಷೆಗೂ ಸಿಗುವುದಿಲ್ಲ. 40 ದಾಟಿದವರಿಗೆ ಬರುವ ಚಾಳೀಸು ಕಾಯಿಲೆಯಲ್ಲ, ಅದಕ್ಕೆ ಕನ್ನಡಕ ಸಾಕು. ಆದರೆ ಎಲ್ಲ ಮಸುಕೂ ಚಾಳೀಸೇ ಎಂದು ಸಂತೆಯಲ್ಲಿ ಸಿಗುವ ಕನ್ನಡಕವನ್ನು ಏರಿಸಿಕೊಂಡು ಕೂರುವುದು ಸರಿಯಲ್ಲ.

ಕಣ್ಣು ಸರಿಯಿದೆ ಎಂದಾದ ಮೇಲೆ ಯಂತ್ರದ ಮಾತು.

ಪುಟ ಎಷ್ಟು ಅಗಲ, ಪರದೆ ಎಷ್ಟು ಅಗಲ?

ಯಾವ ಕಂಪೆನಿಯದ್ದು ಎಂಬುದಕ್ಕಿಂತ ನೀವು ಓದಲಿರುವುದು ಏನು ಎಂಬುದು ಇಲ್ಲಿ ಮುಖ್ಯ. ಇ-ಪುಸ್ತಕಗಳಲ್ಲಿ ಎರಡು ಜಾತಿ. ಒಂದರಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು; ಮಾಡಿದಾಗ ಸಾಲುಗಳು ತಾವಾಗಿ ಮುರಿದು ಪರದೆಗೆ ಹೊಂದಿಕೊಳ್ಳುತ್ತವೆ. ಇ-ಪಬ್ ಎಂಬ ಬಗೆಯ ಪುಸ್ತಕಗಳು ಹೀಗೆ. ಇನ್ನೊಂದು ಜಾತಿ, ಮುದ್ರಿತ ಪುಟದ ಚಿತ್ರ ತೆಗೆದಿಟ್ಟ ಪಿಡಿಎಫ್. ಅದರಲ್ಲಿ ಪುಟ ಇದ್ದ ಹಾಗೆಯೇ ಇರುತ್ತದೆ. ಹಳೆಯ ಕನ್ನಡ ಪುಸ್ತಕಗಳು, ಯಕ್ಷಗಾನ ಪ್ರಸಂಗಗಳು ಉಚಿತವಾಗಿ ಸಿಗುವುದು ಬಹುಪಾಲು ಈ ಎರಡನೆಯ ರೂಪದಲ್ಲಿ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಸಾಮಾನ್ಯ ಡೆಮಿ ಅಳತೆಯ ಕನ್ನಡ ಪುಸ್ತಕದ ಪುಟ ಸುಮಾರು 14 ಸೆಂಟಿಮೀಟರ್ ಅಗಲ. 6 ಇಂಚಿನ ಓದುವ ಯಂತ್ರದ ಪರದೆ ಸುಮಾರು 9 ಸೆಂಟಿಮೀಟರ್ ಅಗಲ. (ಇಂಚಿನ ಲೆಕ್ಕವನ್ನು ಮೂಲೆಯಿಂದ ಮೂಲೆಗೆ ಹೇಳುತ್ತಾರೆ ಎಂಬುದನ್ನು ಮರೆಯಬಾರದು, ಅಂಗಡಿಯಲ್ಲಿ ಎಲ್ಲರೂ ಮೋಸಹೋಗುವುದು ಇಲ್ಲಿಯೇ.) ಇಡೀ ಪುಟವನ್ನು ಅದರೊಳಗೆ ಕೂರಿಸಿದರೆ ಅಕ್ಷರ ಮೂಲದ ಮೂರನೇ ಎರಡು ಪಾಲಿಗೆ ಇಳಿಯುತ್ತದೆ. ಮೊಬೈಲಿನ ಪರದೆ 7 ಸೆಂಟಿಮೀಟರಿಗಿಂತಲೂ ತುಸು ಕಡಿಮೆ, ಅಕ್ಷರ ಅರ್ಧಕ್ಕರ್ಧ. 10 ಇಂಚಿನ ಟ್ಯಾಬ್ಲೆಟ್ಟಿನಲ್ಲಿ ಮಾತ್ರ ಹೆಚ್ಚುಕಡಿಮೆ ಪುಸ್ತಕದಲ್ಲಿದ್ದಷ್ಟೇ ಉಳಿಯುತ್ತದೆ.

ಇಂಗ್ಲಿಷ್ ಅಕ್ಷರ ಅರ್ಧವಾದರೂ ಹೇಗೋ ಓದಿಕೊಂಡು ಹೋಗಬಹುದು. ನಮ್ಮ ಲಿಪಿಯಲ್ಲಿ ಅಕ್ಷರದ ಅಡಿಯಲ್ಲಿ ಇನ್ನೊಂದು ಅಕ್ಷರ ಕುಳಿತಿರುತ್ತದೆ, ಅದೂ ಮೇಲಿನದಕ್ಕಿಂತ ಚಿಕ್ಕದಾಗಿ. ಒತ್ತು ಕಾಣದಿದ್ದರೆ ಪದವೇ ತಪ್ಪುತ್ತದೆ. ಆಗ ಓದುಗರು ತಮಗೆ ತಿಳಿಯದಂತೆಯೇ ಯಂತ್ರವನ್ನು ಹತ್ತಿರಕ್ಕೆ ತರುತ್ತಾರೆ. 40 ಸೆಂಟಿಮೀಟರ್ ದೂರದಲ್ಲಿ ಓದಲು ಕಣ್ಣು ಎರಡೂವರೆ ಡಯಾಪ್ಟರಿನಷ್ಟು ಶಕ್ತಿ ಹಾಕಬೇಕು. 25 ಸೆಂಟಿಮೀಟರಿಗೆ ತಂದರೆ 4 ಡಯಾಪ್ಟರ್ ಬೇಕು. ನಿಮ್ಮ ಓದುವ ಕನ್ನಡಕವನ್ನು ಮಾಡಿದ್ದು ಮೊದಲಿನ ದೂರಕ್ಕೆ, ಎರಡನೆಯದಕ್ಕಲ್ಲ. ಹಣೆನೋವಿಗೆ ಅರ್ಧ ಕಾರಣ ಇದೇ.

ಆದುದರಿಂದ ಹಳೆಯ ಪುಸ್ತಕ, ಪ್ರಸಂಗ, ಪುರಾಣಗಳ ಪಿಡಿಎಫ್ ಓದುವವರಿಗೆ 10 ಇಂಚಿಗಿಂತ ಕಡಿಮೆಯದನ್ನು ನಾನು ಸೂಚಿಸುವುದಿಲ್ಲ. ಪುಟದ ಅಂಚನ್ನು ಕತ್ತರಿಸಿ ತೋರಿಸುವ ಸೌಲಭ್ಯವಿದ್ದರೆ 8 ಇಂಚಿನದ್ದೂ ನಡೆದೀತು. ಅಕ್ಷರ ಹಿಗ್ಗುವ ಪುಸ್ತಕಗಳನ್ನೇ ಓದುವವರಿಗೆ 6 ಇಂಚಿನದ್ದು ಸಾಕು, ಕೈಗೂ ಹಗುರ. ಹಣ ಕೊಡುವ ಮೊದಲು ನಿಮ್ಮದೇ ಕನ್ನಡ ಪುಸ್ತಕವೊಂದನ್ನು ಅದರಲ್ಲಿ ತೆರೆದು ನೋಡಿ. ಒತ್ತಕ್ಷರ ಅಡಿಯಲ್ಲೇ ಕೂರುತ್ತದೆಯೇ, ಅರ್ಕಾವತ್ತು ಸರಿಯಾಗಿ ಬರುತ್ತದೆಯೇ? ಕನ್ನಡ ಇ-ಪುಸ್ತಕ ಮಾರುವವರ ಆ್ಯಪ್‌ಗಳು ಮೊಬೈಲಿನಲ್ಲೂ ಟ್ಯಾಬ್ಲೆಟ್ಟಿನಲ್ಲೂ ನಡೆಯುತ್ತವೆ, ಓದಲೆಂದೇ ಮಾಡಿದ ಯಂತ್ರಗಳಲ್ಲಿ ಎಲ್ಲದರಲ್ಲೂ ನಡೆಯುವುದಿಲ್ಲ. ತಂದ ಮೇಲೆ ಇದು ಗೊತ್ತಾಗಿ, ಯಂತ್ರ ಕಪಾಟು ಸೇರಿದ ಮನೆಗಳನ್ನು ನಾನು ಕಂಡಿದ್ದೇನೆ.

ಬೆಳಕು ಎಲ್ಲಿಂದ ಬರುತ್ತದೆ?

ಮೊಬೈಲ್, ಟ್ಯಾಬ್ಲೆಟ್‌ಗಳ ಪರದೆ ತಾನೇ ಬೆಳಗುತ್ತದೆ. ಇ-ಇಂಕ್ ಯಂತ್ರದಲ್ಲಿ ಹಾಗಲ್ಲ. ಅದರ ಪರದೆಯೊಳಗೆ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳಿದ್ದು, ಅವುಗಳಲ್ಲಿ ಕಪ್ಪು-ಬಿಳಿ ಕಣಗಳಿರುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಕಪ್ಪು ಕಣ ಮೇಲೆ ಬಂದಲ್ಲಿ ಅಕ್ಷರ ಮೂಡುತ್ತದೆ. ಕಾಗದದಂತೆ ಹೊರಗಿನ ಬೆಳಕು ಬಿದ್ದರೆ ಮಾತ್ರ ಕಾಣುವುದು. ಪುಟ ತಿರುಗಿಸುವಾಗ ಮಾತ್ರ ವಿದ್ಯುತ್ ಬೇಕಾದ್ದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬಾಳುತ್ತದೆ. ಚಾರ್ಮಾಡಿಯ ತಪ್ಪಲಿನಲ್ಲಿ ಮಳೆಗಾಲ ಕಳೆದವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಜಗಲಿಯಲ್ಲಿ ಕುಳಿತು ಹಗಲು ಓದುವವರಿಗೆ ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಟ್ಯಾಬ್ಲೆಟ್ಟಿನ ಗಾಜಿನಲ್ಲಿ ಅಂಗಳದ ತೆಂಗಿನಮರವೇ ಕಾಣುತ್ತದೆ.

ಹಾಗೆಂದು ಎಲ್ಲರಿಗೂ ಇ-ಇಂಕ್ ಒಳ್ಳೆಯದು ಎನ್ನಲಾಗದು. 20ರ ಪ್ರಾಯದವರ ಅಕ್ಷಿಪಟಲಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲಷ್ಟೇ 60 ದಾಟಿದವರಿಗೆ ತಲುಪುತ್ತದೆ. ಕಣ್ಣಿನ ಪಾಪೆ ಕಿರಿದಾಗುವುದು, ಮಸೂರ ಹಳದಿಯಾಗುವುದು ಇದಕ್ಕೆ ಕಾರಣ. ಇ-ಇಂಕಿನ ಹಿನ್ನೆಲೆ ಪೂರ್ತಿ ಬಿಳಿಯಲ್ಲ, ತುಸು ಬೂದು. ಮಾಡಿನ ಕೆಳಗಿನ ಮಬ್ಬುಗತ್ತಲೆಯ ಕೋಣೆಯಲ್ಲಿ ಪೊರೆ ಆರಂಭವಾದ ಕಣ್ಣಿಗೆ ಅದು ಸಾಲದು. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಅಂತರವೇ ಓದನ್ನು ಸುಲಭವಾಗಿಸುವುದು. ಕಂಟದಿಂದ ತಾಡವೋಲೆಯ ಮೇಲೆ ಕೊರೆಯುತ್ತಿದ್ದವರಿಗೂ ಇದು ಗೊತ್ತಿತ್ತು. ಕೊರೆದ ಮೇಲೆ ಮಸಿ ಸವರಿ ಒರೆಸಿ ಅಕ್ಷರವನ್ನು ಎಬ್ಬಿಸುತ್ತಿದ್ದರು. ಮೂಡುಬಿದಿರೆಯ ಜೈನ ಮಠದ ಓಲೆಗಳನ್ನು ನೋಡಲು ಹೋದಾಗಲೆಲ್ಲ ನನಗೆ ಆ ಲಿಪಿಕಾರರ ಕಣ್ಣುಗಳ ಯೋಚನೆ ಬರುತ್ತದೆ. ವೃದ್ಧರಿಗೆ ಇ-ಇಂಕ್ ಕೊಳ್ಳುವುದಾದರೆ ಮುಂಬದಿಯಿಂದ ದೀಪ ಬೆಳಗುವಂಥದ್ದನ್ನೇ ಕೊಳ್ಳಿ, ಇಲ್ಲವೇ ಟ್ಯಾಬ್ಲೆಟ್ ಕೊಳ್ಳಿ.

ರಾತ್ರಿ ಓದುವವರ ವಿಚಾರ ಬೇರೆ. ಅಮೆರಿಕದ ಬಾಸ್ಟನ್ನಿನಲ್ಲಿ ನಡೆಸಿ 2014ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 12 ಮಂದಿಯನ್ನು ಮಲಗುವ ಮುನ್ನ ಕೆಲವು ರಾತ್ರಿ ಬೆಳಗುವ ಪರದೆಯಲ್ಲಿ, ಕೆಲವು ರಾತ್ರಿ ಮುದ್ರಿತ ಪುಸ್ತಕದಲ್ಲಿ ಓದಿಸಿದರು. ಪರದೆಯಲ್ಲಿ ಓದಿದ ದಿನ ನಿದ್ದೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಬೇಕಾಯಿತು, ನಿದ್ದೆ ತರುವ ಮೆಲಟೋನಿನ್ ಕಡಿಮೆಯಾಯಿತು. ಅವರು ಓದಿದ್ದು ದಿನಕ್ಕೆ ಸುಮಾರು 4 ಗಂಟೆ, ಪೂರ್ತಿ ಬೆಳಕಿನಲ್ಲಿ ಎಂಬುದನ್ನೂ ಗಮನಿಸಬೇಕು. ಹೆದರುವ ಅಗತ್ಯವಿಲ್ಲ, ಬೆಳಕು ತಗ್ಗಿಸಿ, ಮಲಗುವ ಒಂದು ಗಂಟೆ ಮೊದಲು ಮುಚ್ಚಿಡಿ. ‘ನೀಲಿ ಬೆಳಕು ತಡೆಯುವ’ ಕನ್ನಡಕಕ್ಕೆ ಮಾತ್ರ ಹೆಚ್ಚಿನ ಹಣ ಕೊಡಬೇಡಿ. 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2023ರ ಕಾಕ್ರೇನ್ ವರದಿಯಲ್ಲಿ, ಕಣ್ಣಿನ ಆಯಾಸ ಅದರಿಂದ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ.

ಕಣ್ಣುರಿಗೆ ಸಾಮಾನ್ಯ ಕಾರಣ ನೀಲಿ ಬೆಳಕಲ್ಲ, ರೆಪ್ಪೆ ಬಡಿಯದಿರುವುದು. ನಿಮಿಷಕ್ಕೆ 15ರಷ್ಟು ಬಾರಿ ಬಡಿಯಬೇಕಾದದ್ದು ಪರದೆಯನ್ನು ದಿಟ್ಟಿಸುವಾಗ ಅರ್ಧಕ್ಕೂ ಕೆಳಗಿಳಿಯುತ್ತದೆ, ಕಣ್ಣು ಒಣಗುತ್ತದೆ. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬಡಿಯದಂತೆ ಕೂರಿ. 20 ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರದ ಅಡಿಕೆ ತೋಟವನ್ನು ನೋಡಿ, ನಾಲ್ಕು ಸಲ ಪೂರ್ತಿ ರೆಪ್ಪೆ ಮುಚ್ಚಿ ತೆರೆಯಿರಿ. ಎರಡು ಪಾಲಿನ ಕನ್ನಡಕದಲ್ಲಿ ಓದುವ ಭಾಗ ಕೆಳಗಿರುವುದರಿಂದ ಯಂತ್ರವನ್ನು ಎದೆಯ ಮಟ್ಟದಲ್ಲಿ, ದಿಂಬಿಗೋ ಮೇಜಿಗೋ ಒರಗಿಸಿ ಇಡಬೇಕು. ಕಣ್ಣಿನ ನೇರಕ್ಕೆ ಇಟ್ಟರೆ ಗದ್ದ ಎತ್ತಿ ಎತ್ತಿ ಕುತ್ತಿಗೆ ಹಿಡಿಯುತ್ತದೆ. 10 ಇಂಚಿನ ಟ್ಯಾಬ್ಲೆಟ್ಟಿನ ತೂಕ ಅರ್ಧ ಕಿಲೋದಷ್ಟಿರುತ್ತದೆ, ಸಂಧಿವಾತದ ಬೆರಳುಗಳಲ್ಲಿ ಹಿಡಿದು ಓದುವಂಥದ್ದಲ್ಲ.

ಶಾಲೆಗೆ ಹೋಗುವ ಮಕ್ಕಳಿಗೆ ಕತೆ ಪುಸ್ತಕ ಕಾಗದದ್ದೇ ಇರಲಿ. ಗ್ರಾಮ ಪಂಚಾಯತಿನ ಗ್ರಂಥಾಲಯ ಹತ್ತಿರವೇ ಇದೆ. ದಿನಕ್ಕೆ ಎರಡು ಗಂಟೆ ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ಬರುವ ಸಂಭವ ಕಡಿಮೆ.

ಕಣ್ಣು ಸಹಕರಿಸದವರಿಗೆ, ಕೈಗೆ ಬಿಡುವಿಲ್ಲದವರಿಗೆ ಕೇಳುವ ಪುಸ್ತಕಗಳೂ ಇವೆ. ಬೀಡಿ ಕಟ್ಟುವ ತಾಯಂದಿರು ಸೂಪು ಮಡಿಲಲ್ಲಿಟ್ಟು ಮೊಬೈಲಿನಲ್ಲಿ ಕಾದಂಬರಿ ಕೇಳುವುದನ್ನು ಬೆಳ್ತಂಗಡಿ ಕಡೆ ನೋಡಿದ್ದೇನೆ. ಅದಕ್ಕೆ ಹೊಸ ಯಂತ್ರವೇ ಬೇಡ.

ಆ ಅಧ್ಯಾಪಕರಿಗೆ ಬಲಗಣ್ಣಿನ ಪೊರೆ ತೆಗೆದದ್ದು ಮಳೆಗಾಲಕ್ಕೆ ಮೊದಲು. (ಖರ್ಚಿಗೆ ಹೆದರಿ ಮುಂದೂಡುವವರು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ವಿಚಾರಿಸಬಹುದು.) ಒಂದೂವರೆ ತಿಂಗಳ ಬಳಿಕ ಹೊಸ ಕನ್ನಡಕ ಕೊಟ್ಟೆವು. ಮಗನ 6 ಇಂಚಿನ ಯಂತ್ರವನ್ನು ಈಗ ಸೊಸೆ ಓದುತ್ತಿದ್ದಾರೆ. ಅವರು 10 ಇಂಚಿನದ್ದನ್ನು ಚಾವಡಿಯ ಮೇಜಿಗೆ ಒರಗಿಸಿಟ್ಟು ಪ್ರಸಂಗ ಓದುತ್ತಾರೆ. ಕಳೆದ ಬಾರಿ ಬಂದಾಗ ಎಡಗಣ್ಣಿನ ದಿನ ಗೊತ್ತುಮಾಡೋಣವೆಂದೆ. ‘ದೀಪಾವಳಿ ಕಳೆಯಲಿ ಡಾಕ್ಟ್ರೇ, ಅದಕ್ಕೆ ಮೊದಲು ಎರಡು ಕೂಟ ಒಪ್ಪಿಕೊಂಡಿದ್ದೇನೆ’ ಎಂದರು.