ಕಿಲೋಮೀಟರ್ ನೋಡಿ ಟಿಕೆಟ್ ತೆಗೆಯಬೇಡ



ಓದಲು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದೀಯ. ಬೆಂಗಳೂರಿನಿಂದ ಅಲ್ಲಿಗೆ ಹತ್ತಿರದ ದಾರಿಯೇ ಸುಮಾರು 14,000 ಕಿ.ಮೀ. ಅದನ್ನು ವಿಮಾನದ ವೇಗ 900ರಿಂದ ಭಾಗಿಸಿ, ಹದಿನೈದೂವರೆ ಗಂಟೆ ಎಂದು ಬರೆದಿಟ್ಟುಕೊಂಡಿರುತ್ತೀಯ. ಆ ಲೆಕ್ಕ ಮೇಲೆ ನಡೆಯುವುದಿಲ್ಲ ಕಣಮ್ಮ.

ಮೇಲೆ ಗಾಳಿಯದೇ ದರ್ಬಾರು. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಹೊಳೆಯ ಸೆಳವಿನಂತೆ ಓಡುತ್ತಿರುತ್ತದೆ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಅದನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ದಾಟಿಸಿದರು. ದಾರಿ ಸಾವಿರ ಕಿ.ಮೀ.ಗೂ ಹೆಚ್ಚು ಬೆಳೆಯಿತು, ಪ್ರಯಾಣ ಮಾತ್ರ ಗಂಟೆಗೂ ಮಿಕ್ಕಿ ಇಳಿಯಿತು! ಇದರ ಮೇಲೆ ದೇಶದೇಶಗಳ ಜಗಳ ಬೇರೆ: ಯುರೋಪು, ಅಮೆರಿಕದ ಕಂಪನಿಗಳಿಗೆ ರಷ್ಯಾ 2022ರಿಂದ ತನ್ನ ಆಕಾಶವನ್ನೇ ಮುಚ್ಚಿದೆ, ಅವರದು ಸುತ್ತುದಾರಿ.

ಇನ್ನು ಗಡಿಯಾರ. 2021ರ ಜನವರಿಯಲ್ಲಿ ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ವಿಮಾನವನ್ನು ಎಲ್ಲೂ ಇಳಿಸದೆ ಬೆಂಗಳೂರಿಗೆ ತಂದರಲ್ಲ, ಅದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 9ರ ರಾತ್ರಿ ಹೊರಟು ಇಲ್ಲಿ 11ರ ನಸುಕಿಗೆ ಇಳಿಯಿತು. ಹಾರಿದ್ದು ಸುಮಾರು 17 ಗಂಟೆ. ಒಳಗಿದ್ದವರ 10ನೇ ತಾರೀಕು ಎಲ್ಲೋ ಕರಗಿಹೋಯಿತು. ನೀನು ಹೋಗುವಾಗ ಇದರ ತಿರುಗುಮುರುಗು: ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ಗಂಟೆ ಹಾರಿದರೂ, ಬೇಸಿಗೆಯಲ್ಲಾದರೆ, ಅಲ್ಲಿ ಅದೇ ದಿನದ ಸಂಜೆ ಐದೂವರೆ. ಟಿಕೆಟ್ಟಿನ ಮೇಲಿನ ಎರಡೂ ಸಮಯ ಆಯಾ ಊರಿನವು. ಅವನ್ನು ಕಳೆಯಲು ಹೋಗಬೇಡ, ‘ಒಟ್ಟು ಅವಧಿ’ ಎಂದು ಬರೆದಿರುವುದನ್ನು ಓದು.

ಅಗ್ಗದ ಟಿಕೆಟ್ ಸಿಕ್ಕರೆ ಮಧ್ಯದ ನಿಲುಗಡೆ ಎಲ್ಲಿ ಎಂದು ನೋಡು. ದುಬೈಯಲ್ಲೋ ಫ್ರಾಂಕ್‌ಫರ್ಟಿನಲ್ಲೋ ಆದರೆ, ಒಂದೇ ಟಿಕೆಟ್ ಇದ್ದಾಗ ಸೂಟ್‌ಕೇಸ್ ಸಾಮಾನ್ಯವಾಗಿ ತಾನೇ ಮುಂದಕ್ಕೆ ಹೋಗುತ್ತದೆ. ನ್ಯೂಯಾರ್ಕಿನಲ್ಲಿ ವಿಮಾನ ಬದಲಿಸುವುದಾದರೆ ಇಮಿಗ್ರೇಷನ್ ಅಲ್ಲೇ. ಸಾಮಾನು ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಮೂರು ಗಂಟೆಯಾದರೂ ಬಿಡುವು ಇಟ್ಟುಕೊ. ಎರಡು ಬೇರೆ ಬೇರೆ ಟಿಕೆಟ್ ಮಾತ್ರ ಬೇಡವೇ ಬೇಡ. ಮೊದಲನೆಯದು ತಡವಾದರೆ ಎರಡನೆಯವರು ನಿನ್ನನ್ನು ಕೇಳುವುದಿಲ್ಲ.

ಅಂದಹಾಗೆ, ಜಯನಗರದಿಂದ ದೇವನಹಳ್ಳಿಗೆ ಎಷ್ಟು ಹೊತ್ತು ಎಂಬುದನ್ನು ಯಾವ ಪೈಲಟ್ಟೂ ಹೇಳಲಾರ. ಬೇಗ ಹೊರಡು.

ತಲುಪಿದ ಮೇಲೆ ಅಮ್ಮನಿಗೆ ಫೋನ್ ಮಾಡುವುದು ಬೆಳಗ್ಗೆ ಒಂಬತ್ತಕ್ಕಿರಲಿ, ಇಲ್ಲಿ ರಾತ್ರಿ ಒಂಬತ್ತೂವರೆ, ಊಟ ಮುಗಿದಿರುತ್ತದೆ. ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ಆಮೇಲೆ ಮಾರ್ಚ್‌ವರೆಗೆ ಎಂಟಕ್ಕೇ ಮಾಡು.

ನಿನ್ನ ದೊಡ್ಡಮ್ಮ