ದಾರಿ ಬಿಡುವ ಸೌಜನ್ಯವೂ ದೇಹಾರೋಗ್ಯವೂ

ಮುಂಬಯಿಯ ಲೋಕಲ್ ರೈಲಿನಲ್ಲಿ ಒಂದು ಅಲಿಖಿತ ಶಿಷ್ಟಾಚಾರವಿದೆ. ಮೂವರಿಗೆಂದು ಮಾಡಿದ ಆಸನದ ಬಳಿ ನಾಲ್ಕನೆಯವನು ಬಂದು ಕೈಸನ್ನೆ ಮಾಡಿದೊಡನೆ ಕುಳಿತವರು ತುಸುತುಸುವೇ ಸರಿದು ಅವನಿಗೆ ಅಂಚಿನಲ್ಲಿ ಜಾಗ ಮಾಡಿಕೊಡುತ್ತಾರೆ. ‘ಫೋರ್ತ್ ಸೀಟ್’ ಎಂಬ ಈ ಪದ್ಧತಿಗೆ ಕಾಯಿದೆಯ ಬೆಂಬಲವಿಲ್ಲ, ದಂಡದ ಭಯವಿಲ್ಲ. ಇಷ್ಟು ಉದಾರನಾದ ಪ್ರಯಾಣಿಕನೇ ಸ್ವಂತ ಕಾರು ಕೊಂಡು ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಗೆ ಇಳಿದನೆಂದರೆ ಪಕ್ಕದ ವಾಹನಕ್ಕೆ ಗೇಣು ಜಾಗ ಬಿಡಲೊಲ್ಲ. ರೈಲಿನಲ್ಲಿ ಎದುರಿಗಿರುವುದು ಮನುಷ್ಯನ ಮುಖ. ರಸ್ತೆಯಲ್ಲಿ ಕಾಣುವುದು ತಗಡಿನ ಬೆನ್ನು ಮಾತ್ರ. ವ್ಯತ್ಯಾಸಕ್ಕೆ ಬಹುಶಃ ಇದೇ ಮುಖ್ಯ ಕಾರಣ.

ಜಾಗ ಬಿಟ್ಟರೆ ತಡವಾಗುತ್ತದೆಂಬುದು ಚಾಲಕರ ಸಾಮಾನ್ಯ ನಂಬಿಕೆ. ಇದು ಎಷ್ಟು ನಿಜ? ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಯುಕಿ ಸುಗಿಯಾಮಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ವಿಚಾರಾರ್ಹ. 230 ಮೀಟರ್ ಸುತ್ತಳತೆಯ ವರ್ತುಲಾಕಾರದ ದಾರಿಯಲ್ಲಿ 22 ಕಾರುಗಳನ್ನು ಸುಮಾರು 30 ಕಿ.ಮೀ. ವೇಗದಲ್ಲಿ ಓಡಿಸಲಾಯಿತು. ಸಿಗ್ನಲ್ ಇರಲಿಲ್ಲ, ಅಡ್ಡರಸ್ತೆ ಇರಲಿಲ್ಲ, ಹಳ್ಳಗುಂಡಿಗಳೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ಕಾರುಗಳು ಒಂದೆಡೆ ಗುಂಪುಗೂಡಿ ನಿಂತವು; ಆ ಗುಂಪು ಅಲೆಯಂತೆ ಹಿಮ್ಮುಖವಾಗಿ ಸರಿಯತೊಡಗಿತು. ಒಬ್ಬನು ಬ್ರೇಕನ್ನು ಸ್ವಲ್ಪ ಒತ್ತಿದರೆ ಹಿಂದಿನವನು ಇನ್ನಷ್ಟು ಒತ್ತುತ್ತಾನೆ, ಅವನ ಹಿಂದಿನವನು ನಿಂತೇಬಿಡುತ್ತಾನೆ. ಎಲ್ಲರೂ ಮುಂದಿನ ವಾಹನಕ್ಕೆ ಅಂಟಿಕೊಂಡಂತೆ ಸಾಗುವಾಗ ಈ ಕಂಪನವನ್ನು ಹೀರಿಕೊಳ್ಳಲು ಎಲ್ಲಿಯೂ ಸ್ಥಳವಿರುವುದಿಲ್ಲ. ನಡುವೆ ಅಂತರವಿಟ್ಟು ಹೋಗುವವನು ಹಠಾತ್ತನೆ ಬ್ರೇಕ್ ಹಾಕಬೇಕಾಗಿಲ್ಲ. ಅಲೆ ಅವನ ಬಳಿಯೇ ತಗ್ಗುತ್ತದೆ.

“ಬಿಟ್ಟ ಜಾಗಕ್ಕೆ ಮತ್ತೊಬ್ಬ ನುಗ್ಗುವುದಿಲ್ಲವೇ?” ಎಂಬ ಆಕ್ಷೇಪ ಸಹಜ. ನುಗ್ಗುತ್ತಾನೆ. ಒಂದು ವಾಹನ ಮುಂದೆ ಸೇರಿಕೊಂಡರೆ ಆಗುವ ನಷ್ಟ ಎರಡು ಮೂರು ಸೆಕೆಂಡು. ಹತ್ತು ವಾಹನ ಸೇರಿಕೊಂಡರೂ ಅರ್ಧ ನಿಮಿಷ. ಮುಂದಿನ ಸಿಗ್ನಲಿನ ಕೆಂಪು ದೀಪ ಇದಕ್ಕಿಂತ ಹೆಚ್ಚು ಹೊತ್ತನ್ನು ನುಂಗುತ್ತದೆ.

ಆ ಅರ್ಧ ನಿಮಿಷಕ್ಕಾಗಿ ದೇಹ ತೆರುವ ಬೆಲೆಯನ್ನು ಗಮನಿಸಬೇಕು. ಕೋಪ ಬಂದೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ರಸ ರಕ್ತಕ್ಕೆ ಸುರಿಯುತ್ತದೆ. ಹೃದಯದ ಬಡಿತ ತೀವ್ರಗೊಳ್ಳುತ್ತದೆ, ರಕ್ತದ ಒತ್ತಡ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಓಡುವುದಕ್ಕೋ ಹೋರಾಡುವುದಕ್ಕೋ ನಿಸರ್ಗ ಮಾಡಿದ ಸಿದ್ಧತೆ ಇದು. ಆದರೆ ಚಾಲಕ ಓಡುವಂತಿಲ್ಲ; ಬೆಲ್ಟು ಕಟ್ಟಿಕೊಂಡು ಕುಳಿತೇ ಇರಬೇಕು. ದಿನಕ್ಕೆರಡು ಬಾರಿ ಈ ಉದ್ವೇಗಕ್ಕೆ ಒಳಗಾಗುವುದು ಅಧಿಕ ರಕ್ತದೊತ್ತಡ ಅಥವಾ ಹೃದ್ರೋಗ ಇರುವವರಿಗಂತೂ ಹಿತಕರವಲ್ಲ. ಬೆಳಿಗ್ಗೆ ಔಷಧದ ಗುಳಿಗೆ ನುಂಗಿ, ಹತ್ತು ಗಂಟೆಗೆ ಚೌಕದಲ್ಲಿ ಜಗಳವಾಡುವುದು ವಿಚಿತ್ರ ಚಿಕಿತ್ಸೆ!

ಹಾರ್ನಿನ ವಿಷಯವೂ ಇದೇ. 85 ಡೆಸಿಬೆಲ್ ಮೀರಿದ ಶಬ್ದವನ್ನು ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ ಕೇಳಿದರೆ ಶ್ರವಣಶಕ್ತಿ ಕುಂದುವ ಅಪಾಯವಿದೆ. 85 ಇದ್ದುದು 95 ಆದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಗಾಜು ಏರಿಸಿಕೊಂಡ ಕಾರಿನವನಿಗಿಂತ ಚೌಕದಲ್ಲಿ ನಿಂತ ಪೊಲೀಸನಿಗೂ ರಿಕ್ಷಾ ಚಾಲಕನಿಗೂ ಇದರ ಹೊಡೆತ ಹೆಚ್ಚು. ಮುಂಬಯಿ ಪೊಲೀಸರು 2020ರ ಜನವರಿಯಲ್ಲಿ ಪ್ರಚಾರಕ್ಕೆ ತಂದ ಉಪಾಯ ಸ್ವಾರಸ್ಯಕರವಾಗಿತ್ತು: ಕೆಲವು ಚೌಕಗಳಲ್ಲಿ ಶಬ್ದಮಾಪಕವನ್ನು ಸಿಗ್ನಲಿಗೆ ಜೋಡಿಸಿ, ಹಾರ್ನುಗಳ ಗದ್ದಲ 85 ಡೆಸಿಬೆಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುವಂತೆ ಮಾಡಿದ್ದರು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಹಾರ್ನ್ ನಿಷಿದ್ಧ.

ದಾರಿ ಬಿಡುವುದು ಜೀವದ ಪ್ರಶ್ನೆಯೇ ಆಗುವ ಸಂದರ್ಭವೊಂದಿದೆ. ಅಪಘಾತದಲ್ಲಿ ಪೆಟ್ಟಾದ ಬಳಿಕದ ಮೊದಲ ಒಂದು ಗಂಟೆಯಲ್ಲಿ ಚಿಕಿತ್ಸೆ ದೊರೆತರೆ ಸಾವನ್ನು ತಪ್ಪಿಸುವ ಸಾಧ್ಯತೆ ಅತ್ಯಧಿಕ. ಆಂಬುಲೆನ್ಸಿಗೆ ದಾರಿ ಬಿಡದವರಿಗೆ 2019ರ ತಿದ್ದುಪಡಿಯು ಹತ್ತು ಸಾವಿರ ರೂಪಾಯಿ ದಂಡವನ್ನೋ ಆರು ತಿಂಗಳವರೆಗೆ ಸೆರೆವಾಸವನ್ನೋ ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ಸೈರನ್ ಕೇಳಿದ ಮೇಲೆ ಸರಿಯಬೇಕೆಂದರೂ ಅನೇಕರಿಗೆ ಸರಿಯಲಾಗುವುದಿಲ್ಲ; ಮುಂದಿನ ವಾಹನಕ್ಕೆ ಮೂತಿ ತಾಗಿಸಿ ನಿಂತವನು ಹೊರಳಿಸುವುದಾದರೂ ಎತ್ತ? ಸಿಗ್ನಲಿನಲ್ಲಿ ನಿಂತಾಗ ಮುಂದಿನ ವಾಹನದ ಹಿಂಚಕ್ರ ನೆಲಕ್ಕೆ ತಾಗಿರುವುದು ಕಾಣುವಷ್ಟು ದೂರವಿದ್ದರೆ ಪಕ್ಕಕ್ಕೆ ಹೊರಳಲು ಆಸ್ಪದವಿರುತ್ತದೆ. ಹಸಿರು ದೀಪವಿದ್ದರೂ ಆಚೆಯ ರಸ್ತೆ ತುಂಬಿದ್ದರೆ ಚೌಕದೊಳಕ್ಕೆ ನುಗ್ಗದೆ ಈಚೆಯೇ ನಿಲ್ಲಬೇಕು. ಅಲ್ಲಿ ಸಿಕ್ಕಿಬಿದ್ದ ಒಂದು ಕಾರು ನಾಲ್ಕು ದಿಕ್ಕನ್ನೂ ಕಟ್ಟಿಹಾಕಬಲ್ಲದು.

ಜೂನ್ ತಿಂಗಳು ಬಂದಿತೆಂದರೆ ಲೆಕ್ಕ ಬದಲಾಗುತ್ತದೆ. ಒದ್ದೆ ರಸ್ತೆಯಲ್ಲಿ ಚಕ್ರದ ಹಿಡಿತ ತಗ್ಗಿ, ಬ್ರೇಕ್ ಹಾಕಿದ ಮೇಲೆ ವಾಹನ ಇನ್ನಷ್ಟು ದೂರ ಸಾಗಿ ನಿಲ್ಲುತ್ತದೆ. 36 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹತ್ತು ಮೀಟರ್ ಹಾದುಹೋಗುತ್ತದೆಂಬುದನ್ನು ನೆನೆದು ಅಂತರವನ್ನು ಇಮ್ಮಡಿಗೊಳಿಸುವುದು ಕ್ಷೇಮ. ನೀರು ನಿಂತಲ್ಲಿ ವೇಗವನ್ನು ನಡಿಗೆಯ ಮಟ್ಟಕ್ಕೆ ಇಳಿಸಬೇಕು. ಹೊಂಡ ಕಾಣದೆಂಬುದು ಒಂದು ಕಾರಣ, ಬಸ್ ನಿಲ್ದಾಣದಲ್ಲಿ ಕೊಡೆ ಹಿಡಿದು ನಿಂತವರಿಗೂ ಕಚೇರಿಗೆ ಹೋಗಬೇಕಾಗಿದೆ ಎಂಬುದು ಇನ್ನೊಂದು.