ನನ್ನ ಹೊರೆ, ನಮ್ಮ ಹೊರೆ



ಯಾರ ಹಂಗೂ ಇಲ್ಲದೆ ಬಾಳಬೇಕು ಎನ್ನುವವರಿದ್ದಾರೆ. ನಾಲ್ಕು ಜನರಿಲ್ಲದ ಬಾಳೂ ಒಂದು ಬಾಳೇ ಎನ್ನುವವರೂ ಇದ್ದಾರೆ. ಇವರಲ್ಲಿ ಯಾರ ಮಾತು ಸರಿ?

ಸಂತ ಪೌಲರು ಗಲಾತ್ಯದ ಸಭೆಗಳಿಗೆ ಬರೆದ ಪತ್ರದ ಆರನೆಯ ಅಧ್ಯಾಯವನ್ನು ತೆರೆದು ನೋಡಿ. ಎರಡನೆಯ ವಚನದಲ್ಲಿ, ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರಬೇಕೆಂದು ಅವರು ಹೇಳುತ್ತಾರೆ. ಐದನೆಯ ವಚನಕ್ಕೆ ಬರುವಷ್ಟರಲ್ಲಿ, ಪ್ರತಿಯೊಬ್ಬರೂ ತಮ್ಮ ಹೊರೆಯನ್ನು ತಾವೇ ಹೊರಬೇಕೆನ್ನುತ್ತಾರೆ. ಪ್ರೇಷಿತರು ತಮ್ಮ ಮಾತನ್ನೇ ಮರೆತರೇ?

ಇಲ್ಲ. ಗ್ರೀಕ್ ಮೂಲದಲ್ಲಿ ಇವು ಎರಡು ಬೇರೆ ಪದಗಳು. ಮೊದಲನೆಯದು 'ಬಾರೊಸ್', ಅಂದರೆ ಮೇಲೆ ಬಿದ್ದು ಕುಗ್ಗಿಸುವ ಭಾರ. ದ್ರಾಕ್ಷಿತೋಟದ ಸಾಮತಿಯಲ್ಲಿ ಆಳುಗಳು ದಿನವಿಡೀ ಹೊತ್ತ ಭಾರವನ್ನು ಹೇಳಿಕೊಂಡು ಗೊಣಗುವಾಗ (ಮತ್ತಾಯ 20:12) ಬರುವುದು ಈ ಪದವೇ. ಎರಡನೆಯದು 'ಫೋರ್ತಿಯೊನ್', ಅಂದರೆ ಒಬ್ಬರ ಪಾಲಿಗೆ ಬಂದ ಮೂಟೆ. ಯೇಸುಸ್ವಾಮಿ ತಮ್ಮ ಹೊರೆ ಹಗುರವೆನ್ನುವಾಗ (ಮತ್ತಾಯ 11:30) ಈ ಪದವಿದೆ. ಎರಡರ ಅರ್ಥವೂ ಕೆಲವೊಮ್ಮೆ ಬೆರೆಯುವುದುಂಟು. ಆದರೆ ಇಲ್ಲಿ ಸಂದರ್ಭ ಸ್ಪಷ್ಟವಾಗಿದೆ: ಮೊದಲ ಮಾತು ಎಡವಿ ಬಿದ್ದವನನ್ನು ಎತ್ತುವ ಬಗ್ಗೆ, ಎರಡನೆಯದು ಪ್ರತಿಯೊಬ್ಬರೂ ತಮ್ಮ ನಡತೆಯನ್ನು ತಾವೇ ಪರೀಕ್ಷಿಸಿಕೊಳ್ಳುವ ಬಗ್ಗೆ.

ಪೌಲರು ಹೀಗೆಯೇ ಬಾಳಿದರು. ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸ್ಸಿಲ್ಲರ ಮನೆಯಲ್ಲಿದ್ದು ಡೇರೆ ಕಟ್ಟುವ ಕಸುಬು ಮಾಡಿದರು. ಥೆಸಲೋನಿಕದಲ್ಲಿ ಯಾರಿಗೂ ಭಾರವಾಗಬಾರದೆಂದು ಹಗಲಿರುಳು ದುಡಿದರು. ಅದೇ ಥೆಸಲೋನಿಕಕ್ಕೆ ಫಿಲಿಪ್ಪಿಯ ಸಭೆಯವರು ಒಂದಕ್ಕಿಂತ ಹೆಚ್ಚು ಸಲ ನೆರವು ಕಳುಹಿಸಿದಾಗ ಬೇಡವೆನ್ನಲಿಲ್ಲ. ಅದನ್ನು ಕೃತಜ್ಞತೆಯಿಂದ ನೆನೆದು ಬರೆದರು (ಫಿಲಿಪ್ಪಿ 4:14-16). ದುಡಿಯುವ ಕೈಗೆ ಪಡೆಯುವುದೂ ತಿಳಿದಿತ್ತು.

ಈಗ ನಮ್ಮ ಮನೆಗಳತ್ತ ನೋಡೋಣ. ಇಲ್ಲಿ ಎರಡು ಬಗೆಯ ತಪ್ಪುಗಳಾಗುತ್ತವೆ.

ಮೊದಲನೆಯದು, ಇನ್ನೊಬ್ಬರ ಮೂಟೆಯನ್ನು ನಾವು ಕಸಿದುಕೊಳ್ಳುವುದು. ಮಗಳು ಏನು ಓದಬೇಕು, ಮಗ ಯಾರನ್ನು ವರಿಸಬೇಕು ಎಂದು ಹಿರಿಯರೇ ತೀರ್ಮಾನಿಸಿ ಅದನ್ನು ಪ್ರೀತಿ ಎನ್ನುತ್ತೇವೆ. ಸಲಹೆ ಕೊಡುವುದು ಹಿರಿಯರ ಕರ್ತವ್ಯ, ನಿಜ. ಆದರೆ ವಿವಾಹದ ಸಮ್ಮತಿಯನ್ನು ವಧೂವರರಿಗೆ ಬದಲಾಗಿ ಯಾವ ಮಾನವ ಅಧಿಕಾರವೂ ಕೊಡಲಾರದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ (1057) ಹೇಳುತ್ತದೆ. ಹೆತ್ತವರೂ ಇದಕ್ಕೆ ಹೊರತಲ್ಲ.

ಎರಡನೆಯದು, ಎಲ್ಲರೂ ಸೇರಿ ಹೊರಬೇಕಾದ ಭಾರವನ್ನು ಒಬ್ಬರೇ ಬಚ್ಚಿಟ್ಟುಕೊಳ್ಳುವುದು. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ಇದ್ದಾರೆ. ಊರಿನಲ್ಲಿರುವ ತಾಯಿ ಫೋನಿನಲ್ಲಿ "ಚೆನ್ನಾಗಿದ್ದೇನಪ್ಪಾ" ಎನ್ನುತ್ತಾಳೆ, ಎದೆನೋವಿನ ಸುದ್ದಿ ಎತ್ತುವುದಿಲ್ಲ. ಕೆಲಸ ಹೋದ ತಂದೆ ಸಾಲದ ವಿಷಯ ಹೆಂಡತಿಗೂ ಹೇಳುವುದಿಲ್ಲ. ಹೊರಗಿನಿಂದ ಇದು ಸ್ವಾವಲಂಬನೆಯಂತೆ ಕಾಣುತ್ತದೆ. ಒಳಗೆ ಕೊರೆಯುವುದು ಒಂಟಿತನ. ಜಗತ್ತಿನಲ್ಲಿ ಆರು ಮಂದಿಯಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ತಿಳಿಸಿದೆ. ಆ ಆರರಲ್ಲಿ ಒಬ್ಬರು ನಮ್ಮ ಪಕ್ಕದ ಮನೆಯಲ್ಲಿರಬಹುದು, ಭಾನುವಾರದ ಬಲಿಪೂಜೆಯಲ್ಲಿ ನಮ್ಮ ಪಕ್ಕದಲ್ಲೇ ಕುಳಿತಿರಬಹುದು.

ಯಾವುದು ನನ್ನದು, ಯಾವುದು ನಮ್ಮದು ಎಂದು ತಿಳಿಯುವುದು ಹೇಗೆ? ಮನಸ್ಸಾಕ್ಷಿಯ ತೀರ್ಮಾನ, ಜೀವನದ ಕರೆ, ನಿತ್ಯದ ಕರ್ತವ್ಯ - ಇವು ನನ್ನ ಮೂಟೆ. ಇವುಗಳಲ್ಲಿ ಇತರರು ಜೊತೆಗೆ ನಡೆಯಬಹುದು, ನನ್ನ ಬದಲಿಗೆ ನಡೆಯಲಾರರು. ಕಾಯಿಲೆ, ಸಾವು, ಸಾಲ, ಎಡವಿ ಬಿದ್ದ ಅವಮಾನ - ಇವು ಒಬ್ಬರ ಬೆನ್ನಿಗೆ ಮೀರಿದ ಭಾರ. ಇವುಗಳನ್ನು ಹೇಳಿಕೊಳ್ಳುವುದು ನಾಚಿಕೆಯ ಮಾತಲ್ಲ. ಕೇಳಿಸಿಕೊಂಡವರು ಊರಿಗೆಲ್ಲ ಹರಡದಿರುವುದು ಅಷ್ಟೇ ಮುಖ್ಯ.

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ, 'ಇಂದಿನ ಜಗತ್ತಿನಲ್ಲಿ ಧರ್ಮಸಭೆ' ಕುರಿತ ಸಂವಿಧಾನದ 24ನೆಯ ವಿಧಿಯಲ್ಲಿ, ಇವೆರಡನ್ನೂ ಒಟ್ಟಿಗೆ ಹೇಳಿತು. ದೇವರು ಮಾನವನನ್ನು ಮಾನವನಿಗಾಗಿಯೇ ಬಯಸಿದರು, ಆದ್ದರಿಂದ ಯಾರೂ ಇನ್ನೊಬ್ಬರ ಕೈಗೊಂಬೆಯಲ್ಲ. ಆದರೆ ತನ್ನನ್ನು ಪರರಿಗೆ ಕೊಟ್ಟುಕೊಂಡಾಗಲೇ ಮಾನವ ತನ್ನನ್ನು ತಾನು ಪೂರ್ಣವಾಗಿ ಕಂಡುಕೊಳ್ಳುತ್ತಾನೆ. ತನ್ನದೆಂಬುದು ಏನೂ ಇಲ್ಲದವನು ಕೊಡುವುದಾದರೂ ಏನನ್ನು? ಎಲ್ಲವನ್ನೂ ತನ್ನಲ್ಲೇ ಇಟ್ಟುಕೊಂಡವನಿಗೆ ಸಿಗುವ ಸಂತೋಷವಾದರೂ ಯಾವುದು?

ಈ ವಾರ ಒಂದು ಸಂಜೆ, ಕುಟುಂಬ ಪ್ರಾರ್ಥನೆಯ ಬಳಿಕ, ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ:

1. ನಮ್ಮ ಮನೆಯಲ್ಲಿ ಯಾರ ತೀರ್ಮಾನವನ್ನು ನಾನು ಕಸಿದುಕೊಳ್ಳುತ್ತಿದ್ದೇನೆ?

2. ನಾನು ಯಾರಿಗೂ ಹೇಳದೆ ಹೊರುತ್ತಿರುವ ಭಾರ ಯಾವುದು? ಅದನ್ನು ಯಾರಿಗೆ ಹೇಳಬಹುದು?

3. ನಮ್ಮ ಬೀದಿಯಲ್ಲಿ ಒಂಟಿಯಾಗಿರುವವರು ಯಾರು? ಅವರ ಮನೆಗೆ ಯಾವ ದಿನ ಹೋಗೋಣ?

ಮೂರನೆಯದಕ್ಕೆ ದಿನವನ್ನು ಗೊತ್ತುಮಾಡಿಯೇ ಏಳಿ.